ಮೂರನೆಯ ನಂಬರಿನ ಸಾಕ್ಷಿ

ಲಾಳಿ ಹೋಗಿ ಬರುವ ಏಟಿಗೆ ಸರಿಯಾಗಿ ತಾರವ್ವ ಬಾಯಿಪಾಠ ಮಾಡುತ್ತಿದ್ದಳು. ನನ್ನ ದನಿ ಹೋಗಿತ್ತು, ಕರ್ತನು ಕೊಟ್ಟನು. ನನ್ನ ಬಾಯಿ ಮುಚ್ಚಿತ್ತು, ಕರ್ತನು ತೆರೆದನು. ಇನ್ನು ನಾನು ಹೆದರುವುದಿಲ್ಲ. ಸ್ತೋತ್ರ. ನಾಲ್ಕೇ ಸಾಲು. ಮುಧೋಳದಿಂದ ಬರುವ ಅಕ್ಕಾರು ಕಳೆದ ಶನಿವಾರ ತಮ್ಮ ಕೈಯಾರೆ ಇದನ್ನು ಬರೆದುಕೊಟ್ಟು, ಎರಡನೆಯ ಸಾಲಿನ ಕೆಳಗೆ ಗೆರೆ ಎಳೆದು, ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಬೇಕೆಂದರೆ ಕಣ್ಣು ಒರೆಸಿಕೊಳ್ಳಬಹುದು ಎಂದು ಹೇಳಿದ್ದರು. ಸಭೆಯ ಹೆಂಗಸರು ತಮ್ಮ ಮಾತನ್ನು ತಾವೇ ಧೈರ್ಯವಾಗಿ ಆಡುವುದನ್ನು ಕಲಿಯಬೇಕು ಎಂದು ಐದು ಶನಿವಾರದ ಕೂಟ ಇಟ್ಟಿದ್ದರು. ಆಡುವ ಮಾತನ್ನು ಮಾತ್ರ ಅಕ್ಕಾರು ಬರೆದುಕೊಟ್ಟಿದ್ದರು. ಇವತ್ತು ಕೊನೆಯ ಶನಿವಾರ. ಐದು ಮಂದಿ ಎದ್ದು ನಿಂತು ಸಾಕ್ಷಿ ಹೇಳಬೇಕು, ತಾರವ್ವನದು ಮೂರನೆಯ ನಂಬರು. ಮೂರನೆಯ ಸಾಲಿಗೆ ಬಂದಾಗಲೆಲ್ಲ ನೂಲು ಹರಿಯುತ್ತಿತ್ತು. ನೂಲಿಗೇನು ಗೊತ್ತು ಎಂದು ತನ್ನನ್ನೇ ಬೈದುಕೊಂಡು ಮಗ್ಗ ನಿಲ್ಲಿಸಿ ಎಳೆ ಜೋಡಿಸಿದಳು. ಪಕ್ಕದ ಮಗ್ಗದ ಶಿವವ್ವ ಇತ್ತ ನೋಡಿ ತುಟಿ ಆಡಿಸಿ, ಅರ್ಧ ದಿನ ಬಿಟ್ಟು ಎಲ್ಲಿ ಹೊಂಟಿ ಎಂದು ಕೇಳಿದಳು. ಹದಿನಾರು ಮಗ್ಗ ಓಡುವ ಆ ಶೆಡ್ಡಿನಲ್ಲಿ ಯಾರೂ ಗಂಟಲು ಬಳಸುವುದಿಲ್ಲ. ಹೊಸದಾಗಿ ಬಂದವರು ಒಂದು ತಿಂಗಳು ಒದರುತ್ತಾರೆ, ಆಮೇಲೆ ತಾವಾಗಿಯೇ ತುಟಿ ಓದುವುದನ್ನು ಕಲಿಯುತ್ತಾರೆ. ಶೆಡ್ಡಿನ ಆ ತುದಿಯಿಂದ ಈ ತುದಿಗೆ ಒಬ್ಬಳು ತನ್ನ ಅತ್ತೆಯನ್ನು ಪೂರ್ತಿ ಬೈದು ಮುಗಿಸಿದರೂ ಮಾಲೀಕನ ಕಿವಿಗೆ ಒಂದಕ್ಷರ ಬೀಳುವುದಿಲ್ಲ. ತಾರವ್ವನೂ ತುಟಿಯಲ್ಲೇ, ಮಾತಾಡುವುದನ್ನು ಕಲಿಯಲು ಹೊರಟಿದ್ದೇನೆ ಎಂದಳು.

“ನೀನಾ?” ಎಂದಿತು ಶಿವವ್ವನ ತುಟಿ. “ಸುಮ್ನಿರೂದು ಕಲಸ್ರಿ ಅಂತ ಹೇಳು ಬೇ ಅವರಿಗೆ.”

ಹೊಟ್ಟೆ ಹಿಡಿದುಕೊಂಡು ನಗುವ ಶಿವವ್ವನ ನಗುವಿಗೂ ಸದ್ದಿರಲಿಲ್ಲ. ತಾರವ್ವನೂ ನಕ್ಕಳು, ನಗುತ್ತಲೇ ಮೂಲೆಗೆ ನೋಡಿದಳು. ಅಲ್ಲಿ ಪದ್ಮವ್ವ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಯಂತ್ರದ ಮುಂದೆ ಕುಳಿತಿದ್ದಳು. ಅವಳು ತಲೆ ಎತ್ತಲಿಲ್ಲ. ಹನ್ನೊಂದು ತಿಂಗಳಿಂದ ಪದ್ಮವ್ವ ಅವಳೊಂದಿಗೆ ಆಡುವುದು ಎರಡೇ ಮಾತು, ಇನ್ನೆಷ್ಟು ಬೇಕು ಎಂಬುದೊಂದು, ಆತೇನು ಎಂಬುದೊಂದು. ಎರಡೂ ಕಂಡಿಕೆಯ ಮಾತು. ಮೊದಲು ಇದೇ ಪದ್ಮವ್ವ ಮೂಲೆಯಿಂದಲೇ ತುಟಿಯಲ್ಲಿ ಇಡೀ ಬನಹಟ್ಟಿಯ ಸುದ್ದಿ ಹೇಳುತ್ತಿದ್ದಳು. ತಾರವ್ವನಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲವಾದ್ದರಿಂದ ಮಗ್ಗದ ಮೇಲೆ ತೀರಿಸಿಕೊಂಡಳು. ಗುಂಡಿ ಒತ್ತಿದ ಜೋರಿಗೆ ಬೆರಳು ನೊಂದಿತು.

ದನಿ ಹೋದದ್ದು ಹೋದ ವರ್ಷ ಚಳಿಗಾಲದಲ್ಲಿ. ಜ್ವರ ಬಂತು, ಕೆಮ್ಮು ಬಂತು, ಒಂದು ಮುಂಜಾನೆ ಎದ್ದು ಗಂಡನನ್ನು ಕೂಗಿದರೆ ಗಾಳಿ ಮಾತ್ರ ಹೊರಬಂತು. ಗಂಡ ಸೋಮಲಿಂಗ ಎರಡು ದಿನ ಗಾಬರಿಯಾದ. ಮೂರನೆಯ ದಿನ ಹೊರಗಿನ ಕಟ್ಟೆಯ ಮೇಲೆ ಕುಳಿತು ಯಾರಿಗೋ, ಮನೆ ಈಗ ತಣ್ಣಗಿದೆ, ಹೀಗೇ ಇನ್ನೊಂದು ತಿಂಗಳು ಇದ್ದರೂ ಅಡ್ಡಿ ಇಲ್ಲ ಎಂದು ಹೇಳಿ ನಗುವುದು ಒಳಗೆ ಕೇಳಿಸಿತು. ಉತ್ತರ ಕೊಡಲು ಬಾಯಿ ತೆರೆದಳು, ಗಾಳಿ ಬಂತು. ಒಲೆಯ ಮೇಲಿನ ತವೆಯನ್ನು ಎತ್ತಿ ಕುಕ್ಕಿದಳು, ಅಷ್ಟೇ ಆಯಿತು. ಸಭೆಯವರು ಮನೆಗೆ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಜಮಖಂಡಿಯ ಡಾಕ್ಟರು ಗುಳಿಗೆ ಕೊಟ್ಟು, ಧೂಳಿನ ಕೆಲಸ ಬಿಡಬೇಕು ಎಂದರು. ಬಿಟ್ಟು ಏನು ತಿನ್ನಬೇಕು ಎಂದು ಕೇಳಲೂ ದನಿ ಇರಲಿಲ್ಲ. ಇಪ್ಪತ್ತು ದಿನವಾದ ಮೇಲೆ ಶಿವವ್ವ, ಅನಗವಾಡಿ ಕಡೆ ಹೊಳೆದಂಡೆಯಲ್ಲಿ ಒಬ್ಬ ಅವ್ವನ ಗುಡಿ ಇದೆ, ಒದ್ದೆ ಸೀರೆಯಲ್ಲಿ ಐದು ಸುತ್ತು ಹಾಕಿ ಅಲ್ಲಿಯ ಅರಿಶಿನದ ಭಂಡಾರ ಹಚ್ಚಿಕೊಂಡರೆ ಮೂಗರಿಗೂ ಮಾತು ಬರುತ್ತದೆ ಎಂದು ತುಟಿಯಲ್ಲೇ ಹೇಳಿದಳು. ತಾರವ್ವ ಮೂರು ದಿನ ಯೋಚಿಸಿದಳು. ನಾಲ್ಕನೆಯ ದಿನ ಪದ್ಮವ್ವನ ಕೈ ಹಿಡಿದುಕೊಂಡಳು, ಒಬ್ಬಳೇ ಹೋಗಲು ಹೆದರಿಕೆ. ಪದ್ಮವ್ವ ಅವಳಂತೆಯೇ ಸಭೆಯವಳು, ಗಂಡ ಸತ್ತ ಮೇಲೆ ಮಗಳು ಮಾನಸಿಯನ್ನು ಕಂಡಿಕೆ ಸುತ್ತಿಯೇ ದೊಡ್ಡವಳನ್ನಾಗಿ ಮಾಡಿದವಳು. ನಾನು ಗುಡಿಯೊಳಗೆ ಬರುವುದಿಲ್ಲ, ಬೇಕಾದರೆ ನಿನ್ನ ಚಪ್ಪಲಿ ಕಾಯುತ್ತೇನೆ ಎಂದಳು. ಬಂದಳು. ಬೇವಿನ ಗಿಡದ ಕೆಳಗೆ ನಿಂತಳು. ಪೂಜೆಯಾದ ಮೇಲೆ ಒಡೆದ ತೆಂಗಿನಕಾಯಿ, ಭಂಡಾರ ಇದ್ದ ಬುಟ್ಟಿಯನ್ನು ಅವಳ ಕೈಗೆ ಕೊಟ್ಟು ತಾರವ್ವ ಒದ್ದೆ ಸೀರೆಯಲ್ಲಿ ಸುತ್ತು ಹಾಕಲು ಗುಡಿಯ ಹಿಂದಕ್ಕೆ ಹೋದಳು. ಯಾರದೋ ಸಾವಿಗೆ ಮಾತಾಡಿಸಲೆಂದು ಆ ಊರಿಗೆ ಬಂದಿದ್ದ ಸಭೆಯ ಹಿರಿಯ ದುರಗೇಶಪ್ಪ ಅದೇ ಹೊತ್ತಿಗೆ ಆ ದಾರಿಯಲ್ಲಿ ಹೋಗಬೇಕೆ? ಬುಟ್ಟಿ ನೋಡಿದ, ಪದ್ಮವ್ವನನ್ನು ನೋಡಿದ, ಮಾತಾಡಿಸದೆ ಹೋದ. ಹಿಂದಿನಿಂದ ಇಣುಕಿದ ತಾರವ್ವ ಗೋಡೆಗೆ ಅಂಟಿಕೊಂಡು ನಿಂತಳು. ಸೀರೆಯ ನೀರು ಕಾಲಿನ ಮೇಲೆ ಇಳಿಯುವುದೂ ಅವಳಿಗೆ ಗದ್ದಲವೆನಿಸಿತು.

ಎಂಟು ದಿನಕ್ಕೆ ದನಿ ಬಂತು. ಗುಳಿಗೆಯಿಂದಲೋ, ಪ್ರಾರ್ಥನೆಯಿಂದಲೋ, ಆ ಅವ್ವನಿಂದಲೋ, ಅದನ್ನು ತಾರವ್ವ ಇವತ್ತಿಗೂ ತೀರ್ಮಾನಿಸಿಲ್ಲ. ಮೂವರಿಗೂ ಒಳಗೊಳಗೇ ಕೈ ಮುಗಿದು ಮೂವರಿಂದಲೂ ಮುಖ ತಪ್ಪಿಸಿಕೊಂಡು ತಿರುಗುತ್ತಿದ್ದಳು. ಆ ಭಾನುವಾರ ಸಭೆಯ ಪಾಸ್ಟರಾದ ಅಯ್ಯನವರು ಅವಳನ್ನು ಎಬ್ಬಿಸಿ ನಿಲ್ಲಿಸಿ, ನೋಡಿರಿ ಕರ್ತನ ಕೆಲಸ ಎಂದು ಸಭೆಗೆ ತೋರಿಸಿದರು. ಎಲ್ಲರೂ ಸ್ತೋತ್ರ ಎಂದರು. ಅದಾಗಿ ಅರ್ಧ ಗಂಟೆಗೆ, ಅದೇ ಕೂಟದಲ್ಲಿ, ದುರಗೇಶಪ್ಪ ಎದ್ದು ಪದ್ಮವ್ವನ ಬುಟ್ಟಿಯ ವಿಷಯ ಎತ್ತಿದ. ಬುಟ್ಟಿ ನನ್ನದಲ್ಲ ಎಂದಳು ಪದ್ಮವ್ವ. ಮತ್ತೆ ಯಾರದು ಎಂದು ಅಯ್ಯನವರು ಕೇಳಿದರು. ಪದ್ಮವ್ವ ಒಂದೇ ಸಲ ತಾರವ್ವನ ಕಡೆ ನೋಡಿ, ಯಾರದೋ ಅವರೇ ಹೇಳಲಿ ಎಂದು ಕುಳಿತಳು. ತಾರವ್ವ ಕೆಮ್ಮಿದಳು. ಆ ವಾರವಷ್ಟೇ ಬಂದ ದನಿ ಕೆಮ್ಮಿಗೆ ಚೆನ್ನಾಗಿಯೇ ಉಪಯೋಗವಾಯಿತು. ಪಕ್ಕದವಳು ಪಾಪ ಎಂದು ಬೆನ್ನು ಸವರಿದಳು. ಪದ್ಮವ್ವನಿಗೆ ಕರ್ತನ ಭೋಜನದ ರೊಟ್ಟಿ ಪಾತ್ರೆ ನಿಲ್ಲಿಸಿದರು, ಹಿಂದಿನ ಬೆಂಚಿಗೆ ಕಳಿಸಿದರು, ತಪ್ಪೊಪ್ಪಿಕೊಳ್ಳುವ ತನಕ ಎಂದರು. ಮಾಡದ ತಪ್ಪನ್ನು ಒಪ್ಪಿಕೊಳ್ಳಲು ಪದ್ಮವ್ವನಿಗೆ ಬರಲಿಲ್ಲ. ಈಗ ಮಾನಸಿಗೆ ಬೀಳಗಿಯ ಹುಡುಗ ಗೊತ್ತಾಗಿದ್ದಾನೆ. ಹುಡುಗನ ಕಡೆಯವರು ಅಲ್ಲಿಯ ಸಭೆಯವರು, ತಾಯಿ ಒಳ್ಳೆಯ ನಡತೆಯವಳು ಎಂದು ಇಲ್ಲಿಯ ಸಭೆಯಿಂದ ಪತ್ರ ಕೇಳಿದ್ದಾರೆ. ದುರಗೇಶಪ್ಪ ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದಿದ್ದಾನೆ. ಸೋಮವಾರ ಹಿರಿಯರು ಕೂಡುತ್ತಾರೆ. ಅವತ್ತು ಪತ್ರ ಆಗದಿದ್ದರೆ ಬೇರೆ ಹೆಣ್ಣು ನೋಡುತ್ತೇವೆ ಎಂದು ಬೀಳಗಿಯವರು ಹೇಳಿ ಕಳಿಸಿದ್ದಾರೆ. ಇದು ಊರಿಗೆಲ್ಲ ಗೊತ್ತು. ಬುಟ್ಟಿ ಯಾರದು ಎಂಬುದು ಸಭೆಯಲ್ಲಿ ಇಬ್ಬರಿಗೇ ಗೊತ್ತು.

ಮಧ್ಯಾಹ್ನ ಮಗ್ಗ ಬಿಟ್ಟು ಕೂದಲಿನ ಹತ್ತಿ ಝಾಡಿಸಿಕೊಂಡು ಹೊರಗೆ ಬಂದಾಗ ಪದ್ಮವ್ವ ಆಗಲೇ ಮುಂದೆ ನಡೆಯುತ್ತಿದ್ದಳು. ಇಬ್ಬರಿಗೂ ಹೋಗಬೇಕಾದದ್ದು ಅದೇ ಕೂಟಕ್ಕೆ. ಹಿಂದಿನ ಬೆಂಚಿನವರೂ ಬರಬೇಕು, ಬಾರದಿದ್ದರೆ ಅದೊಂದು ಬೇರೆ ತಪ್ಪು. ತಾರವ್ವ ಜೋರಾಗಿ ನಡೆದಳು, ಹತ್ತಿರ ಬಂದಳು, ಇನ್ನು ನಾಲ್ಕು ಹೆಜ್ಜೆ ಎನ್ನುವಾಗ ಒಂದು ಆಟೊ ನಿಲ್ಲಿಸಿ ಹತ್ತಿ ಕುಳಿತಳು. ಆಟೊ ಪದ್ಮವ್ವನನ್ನು ದಾಟಿ ಹೋಗುವಾಗ ಸೆರಗು ಸರಿ ಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದಳು. ನಡೆದರೆ ಹತ್ತು ನಿಮಿಷದ ದಾರಿ. ಆಟೊದವನೇ, ಇಷ್ಟು ಹತ್ತಿರಕ್ಕೆ ಆಟೊ ಯಾಕೆ ಎಂದು ಕೇಳಿದ. ಕಾಲು ನೋಯುತ್ತಿದೆ ಎಂದಳು. ಇಳಿಯುವಾಗ ಅವನು ನೋಡುತ್ತಿದ್ದಾನೆಂದು ಸ್ವಲ್ಪ ಕುಂಟಿದಳು. ಕುಂಟಿದ್ದು ತನಗೇ ಗೊತ್ತಾಗಿ ಮೈಯೆಲ್ಲ ಉರಿಯಿತು.

ಪ್ರಾರ್ಥನೆಯ ಮನೆ ಮೊದಲು ನೂಲಿನ ಗೋದಾಮಾಗಿತ್ತು. ತಗಡಿನ ಮಾಡು, ಮುಂದೆ ಪ್ಲಾಸ್ಟಿಕ್ ಕುರ್ಚಿ, ಹಿಂದೆ ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕದಲ್ಲಿ ಒಂದು ಮರದ ಬೆಂಚು. ಗೋಡೆಗೆ ಬಟ್ಟೆಯ ಮೇಲೆ, ಸಹೋದರಿಯೇ ಎದ್ದೇಳು, ಬಾಯಿ ತೆರೆ ಎಂದು ಬರೆಸಿ ಕಟ್ಟಿದ್ದರು. ಹೆಂಗಸರದೇ ಕೂಟವಾದರೂ ಒಂದು ಕ್ರಮ ಇರಬೇಕಲ್ಲ ಎಂದು ಅಯ್ಯನವರೂ ದುರಗೇಶಪ್ಪನೂ ವೇದಿಕೆಯ ಮೇಲೆ ಕುಳಿತಿದ್ದರು. ಹೆಂಗಸರು ಮಾತಾಡಬೇಕು ಎಂಬ ವಿಷಯದ ಮೇಲೆ ಅಯ್ಯನವರು ಮೊದಲಿಗೆ ಎರಡು ಮಾತು ಹೇಳಲು ಎದ್ದು ನಲವತ್ತು ನಿಮಿಷ ಹೇಳಿದರು. ಆಮೇಲೆ ದುರಗೇಶಪ್ಪ ಅದನ್ನೇ ಸಂಕ್ಷಿಪ್ತವಾಗಿ ಇನ್ನೊಮ್ಮೆ ಹೇಳಿದ. ಮುಂದಿನ ಸಾಲಿನ ಸೋಮವ್ವ, ಬೇರೊಂದು ಶೆಡ್ಡಿನಲ್ಲಿ ಮಗ್ಗ ನಡೆಸುವವಳು, ನಾಲ್ಕನೆಯ ನಂಬರಿನವಳು, ತಾರವ್ವನ ಕಡೆ ತಿರುಗಿ, ನಮ್ಮ ಬಾಯಿ ತೆರೆಯುವಷ್ಟರಲ್ಲಿ ಚಹಾ ಆರುತ್ತದೆ ಎಂದು ತುಟಿ ಆಡಿಸಿದಳು. ಅಲ್ಲಿ ಕುಳಿತ ಹೆಂಗಸರಲ್ಲಿ ಮುಕ್ಕಾಲು ಪಾಲು ಮಗ್ಗದವರೇ. ಐದಾರು ಮಂದಿಯ ಭುಜ ಅಲುಗಾಡಿತು. ಅವರು ಆತ್ಮದಲ್ಲಿ ಕದಲುತ್ತಿದ್ದಾರೆಂದು ಅಯ್ಯನವರಿಗೆ ಸಂತೋಷವಾದಂತೆ ಕಂಡಿತು.

ಅಕ್ಕಾರು ಎದ್ದರು. ಕನ್ನಡ ಸಾಲೆಯಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದವರು, ತೆಳ್ಳಗಿನವರು, ಮೈಕನ್ನು ಕೈಗೆ ತೆಗೆದುಕೊಂಡರು. ಇವತ್ತು ಅಕ್ಕಾರು ತಾವೇ ಹೇಳಿದರು, ಮನೆಯಲ್ಲಿ ಗಂಡನ ಎದುರು ಇಪ್ಪತ್ತೆರಡು ವರ್ಷ ನಾನು ಒಂದು ಪ್ರಶ್ನೆ ಕೇಳಿದವಳಲ್ಲ, ಸಾಲೆಯಲ್ಲಿ ಮಾತ್ರ ಹುಲಿ, ಮೊದಲನೆಯ ಸಲ ಸಭೆಯಲ್ಲಿ ಎದ್ದು ನಿಂತಾಗ ಕಾಲ ಕೆಳಗೆ ನೆಲವೇ ಇರಲಿಲ್ಲ ಎಂದು. ಈ ಮಾತು ಅವರ ಕಾಗದದಲ್ಲಿ ಇರಲಿಲ್ಲವೆಂದು ಕಾಣುತ್ತದೆ. ಕಾಗದ ಕೆಳಗಿಟ್ಟು ಕನ್ನಡಕ ತೆಗೆದಿದ್ದರು.

“ಹೆದರಿಕಿ ಹೋದ ಮ್ಯಾಲ ಮಾತಾಡತೇನಿ ಅಂದ್ರ ಸಾಯೂತನಾ ಮಾತಾಡಾಂಗಿಲ್ಲ ನೀವು. ನನಗೂ ಈಗೂ ಹೆದರಿಕಿ ಐತಿ. ಹೆದರಿಕೋತನಾ ಹೇಳ್ರಿ. ಕರ್ತ ಏನು, ಹೆದರಿಕಿ ಬಿಟ್ಟು ಬಾ ಅಂದಾನೇನು? ಬಾ ಅಂದಾನ, ಅಷ್ಟ.”

ತಾರವ್ವನಿಗೆ ಆ ಮಾತು ಹಿಡಿಸಲಿಲ್ಲ. ಇಷ್ಟು ದಿನ ಅವಳಿಗೆ ಇದ್ದ ಒಂದೇ ಆಸರೆ ಹೆದರಿಕೆ. ಅದು ಹೋದ ದಿನ ಹೇಳೋಣ ಎಂದು ತನ್ನೊಳಗೆ ತಾನು ಒಂದು ಒಪ್ಪಂದ ಮಾಡಿಕೊಂಡಿದ್ದಳು, ಅದು ಹೋಗುವುದೇ ಇಲ್ಲ ಎಂಬ ಭರವಸೆ ಇತ್ತು. ಅಕ್ಕಾರು ಸುಮ್ಮನೆ ಕಾಗದ ನೋಡಿ ಓದಬಾರದಿತ್ತೇ? ಒಂದನೆಯ ನಂಬರಿನವಳು ಎದ್ದು ನಾಲ್ಕು ಸಾಲು ಹೇಳಿದಳು, ನಿಲ್ಲಬೇಕಾದಲ್ಲಿ ನಿಂತಳು. ಎರಡನೆಯವಳು ಸಾಲು ಮರೆತು ಅತ್ತಳು, ಅವಳಿಗೇ ಹೆಚ್ಚು ಚಪ್ಪಾಳೆ ಬಿತ್ತು. ಮೂರನೆಯ ನಂಬರು ಕರೆದರು.

ತಾರವ್ವ ಮುಂದೆ ಹೋಗಿ ತಿರುಗಿ ನಿಂತಳು. ಅಕ್ಕಾರು ಮೈಕನ್ನು ಅವಳ ಗಲ್ಲದ ಹತ್ತಿರ ಹಿಡಿದರು. ನನ್ನ ದನಿ ಹೋಗಿತ್ತು ಎಂದು ಶುರು ಮಾಡಬೇಕು. ಎದುರಿಗೆ ಕುರ್ಚಿಗಳು, ಕುರ್ಚಿಗಳ ಆಚೆ ಬಾಗಿಲಿನ ಬೆಳಕು, ಬೆಳಕಿನ ಪಕ್ಕದಲ್ಲಿ ಪದ್ಮವ್ವ. ಶೆಡ್ಡಿನಲ್ಲಿ ತನ್ನ ಮಗ್ಗದಿಂದ ಆ ಮೂಲೆಗೆ ಎಷ್ಟು ದೂರವೋ ಅಷ್ಟೇ ದೂರ. ಪದ್ಮವ್ವ ಇವತ್ತು ತಲೆ ಎತ್ತಿ ನೋಡುತ್ತಿದ್ದಳು. ಹನ್ನೆರಡು ವರ್ಷದ ಅಭ್ಯಾಸ, ಅಷ್ಟು ದೂರದವಳಿಗೆ ಏನು ಹೇಳುವುದಿದ್ದರೂ ತಾರವ್ವನ ಗಂಟಲು ತಾನಾಗಿಯೇ ಮುಚ್ಚುತ್ತದೆ, ತುಟಿ ತಾನಾಗಿಯೇ ಓಡುತ್ತದೆ. ಓಡಿತು. ಪದ್ಮಾ, ಬುಟ್ಟಿ ನಂದು ಅಂತ ನಾ ಹೇಳಬೇಕಾಗಿತ್ತು. ಹರಕೆ ನಂದು, ಕಾಯಿ ನಂದು, ಒದ್ದೆ ಸೀರೆ ಉಟ್ಟವಳು ನಾನು. ನೀನು ಚಪ್ಪಲಿ ಕಾಯಲು ಬಂದವಳು. ಅವತ್ತು ಕೆಮ್ಮು ಬಂದಿರಲಿಲ್ಲ, ತಂದುಕೊಂಡೆ. ಇವತ್ತು ನಿನ್ನ ಹಿಂದೆ ಬರುತ್ತ ಆಟೊ ಹತ್ತಿ ಕುಂಟಿದೆ. ಮಾನಸಿಯ ಮದುವೆ ತಪ್ಪಿದರೆ ನಾನು ಏನು ಮಾಡಲಿ, ನನಗೆ ಗೊತ್ತಿಲ್ಲ. ಎಷ್ಟೋ ಹೊತ್ತು ಹೇಳಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಎದೆ ಹಗುರಾಗುತ್ತಿತ್ತು, ಇದೇನು ಇಷ್ಟು ಸುಲಭ ಎಂದು ಆಶ್ಚರ್ಯವೂ ಆಗುತ್ತಿತ್ತು. ಮೈಕಿನಲ್ಲಿ ಅವಳ ಉಸಿರು ಮಾತ್ರ ಬುಸು ಬುಸು ಎಂದು ಕೇಳಿತು.

ಮಗ್ಗದ ಹೆಂಗಸರು ಆ ತುಟಿಯನ್ನು ಪೂರ್ತಿ ಓದಿದರು. ಒಬ್ಬೊಬ್ಬರಾಗಿ ಕತ್ತು ತಿರುಗಿಸಿ ಹಿಂದಿನ ಬೆಂಚು ನೋಡಿದರು, ಮತ್ತೆ ತಾರವ್ವನನ್ನು ನೋಡಿದರು. ವೇದಿಕೆಯ ಮೇಲಿನವರಿಗೆ ಕಂಡದ್ದು ಅವಳ ಬೆನ್ನು. ಮುಖದ ಪಕ್ಕದಲ್ಲೇ ನಿಂತ ಅಕ್ಕಾರಿಗೆ ಕಂಡದ್ದು ಕಣ್ಣೀರು, ನಡುಗುವ ತುಟಿ. ಅವರು ಅವಳ ಹೆಗಲ ಮೇಲೆ ಕೈ ಹಾಕಿ, ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡು, ತಾರವ್ವನಿಗೆ ಹೃದಯ ತುಂಬಿ ಬಂದು ಮಾತು ಹೊರಡುತ್ತಿಲ್ಲ, ಆದ್ದರಿಂದ ಅವಳ ಸಾಕ್ಷಿಯನ್ನು ಅವಳ ಪರವಾಗಿ ನಾನೇ ಹೇಳುತ್ತೇನೆ ಎಂದು ನಾಲ್ಕೂ ಸಾಲನ್ನು ಸ್ಪಷ್ಟವಾಗಿ ಹೇಳಿದರು. ಇನ್ನು ನಾನು ಹೆದರುವುದಿಲ್ಲ ಎಂಬುದನ್ನು ಎರಡು ಸಲ ಹೇಳಿದರು. ಅಯ್ಯನವರು ಸ್ತೋತ್ರ ಎಂದರು. ದುರಗೇಶಪ್ಪ ಚಪ್ಪಾಳೆ ತಟ್ಟಿದ. ಬೇರೆ ಯಾರೂ ತಟ್ಟಲಿಲ್ಲವಾದ್ದರಿಂದ ಆ ಸದ್ದು ತಗಡಿನ ಕೆಳಗೆ ಒಂಟಿಯಾಗಿ ತಿರುಗಿ ನಿಂತಿತು. ತಾರವ್ವ ತನ್ನ ಕುರ್ಚಿಗೆ ಮರಳಲು ಹೆಜ್ಜೆ ಎತ್ತಿದಳು. ಆಯಿತು, ಹೇಳಿದ್ದಾಯಿತು, ಕೇಳಬೇಕಾದವಳು ಕೇಳಿದಳು ಎನಿಸಿತು. ಆಗ ಬಾಗಿಲ ಹತ್ತಿರದ ತುಟಿ ಅಲುಗಿತು. ಪದ್ಮವ್ವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ, ಕಂಡಿಕೆಯ ಲೆಕ್ಕ ಹೇಳುವಾಗಿನ ಮುಖವೇ.

“ನನಗ ಗೊತ್ತಿದ್ದದ್ದ ನನಗ ಹೇಳತಿಯಲ್ಲ. ಅವರಿಗೆ ಹೇಳು.”

ತಾರವ್ವ ಎತ್ತಿದ ಹೆಜ್ಜೆಯಲ್ಲೇ ನಿಂತಳು. ಅಕ್ಕಾರು ನಾಲ್ಕನೆಯ ನಂಬರು ಎಂದು ಕರೆದರು. ಸೋಮವ್ವ ಏಳಲಿಲ್ಲ. ಇನ್ನೊಮ್ಮೆ ಕರೆದರು. ಸೋಮವ್ವ ಕುಳಿತಲ್ಲಿಂದಲೇ, ಈ ಸಲ ದನಿ ತೆಗೆದು, ಮನೆಯಲ್ಲಿ ಉಪ್ಪು ಮುಗಿದಿಲ್ಲ ಎನ್ನುವಷ್ಟು ಸಹಜವಾಗಿ ಹೇಳಿದಳು.

“ಮೂರನೇದು ಇನ್ನಾ ಮುಗದಿಲ್ರಿ ಅಕ್ಕಾರ.”

ಮುಗಿಯಿತಲ್ಲ ಎಂದು ಅಕ್ಕಾರು ಅಯ್ಯನವರನ್ನು ನೋಡಿದರು. ಇಲ್ಲ ಎಂದು ಇನ್ನೊಬ್ಬಳು ಹೇಳಿದಳು. ಅವಳ ಹಿಂದಿನವಳೂ ಹೇಳಿದಳು. ದುರಗೇಶಪ್ಪ ಕೈಗಡಿಯಾರ ನೋಡಿಕೊಂಡು ಇದೇನು ಸಂತೆಯೇ ಎಂದ. ತಾರವ್ವನ ಕಿವಿಯಲ್ಲಿ ಹದಿನಾರು ಮಗ್ಗ ಓಡುತ್ತಿದ್ದವು. ಇಷ್ಟು ಗದ್ದಲದಲ್ಲಿ ಹೇಳಿದರೂ ಯಾರಿಗೂ ಕೇಳಿಸುವುದಿಲ್ಲ ಎನಿಸಿತು. ಗದ್ದಲ ತನ್ನ ಕಿವಿಯಲ್ಲಿ ಮಾತ್ರ ಇದೆ ಎಂದು ಗೊತ್ತಾಗುವಷ್ಟರಲ್ಲಿ ಅವಳು ವೇದಿಕೆಯ ಕಡೆ ತಿರುಗಿ ಬಾಯಿ ತೆರೆದಾಗಿತ್ತು, ಹೊಸದಾಗಿ ಶೆಡ್ಡಿಗೆ ಬಂದವರು ಒದರುತ್ತಾರಲ್ಲ, ಆ ದನಿಯಲ್ಲಿ.

“ಆ ಬುಟ್ಟಿ ನಂದರಿ ಅಯ್ಯನವರ. ಗುಡಿಗೆ ಹೋಗಿ ಹರಕಿ ಮುಟ್ಟಿಸಿದಾಕಿ ನಾನು. ಪದ್ಮಾ ಒಳಗ ಬಂದಿಲ್ಲ. ನಾ ಹಿಂದ ಗ್ವಾಡಿಗೆ ನಿಂತು ದುರಗೇಶಪ್ಪನವರು ಹೋಗೂದು ನೋಡೇನಿ.”

ಹೊರಗೆ ರಸ್ತೆಯಲ್ಲಿ ಯಾರೋ ಬೈಕು ನಿಲ್ಲಿಸಿದರು. ದುರಗೇಶಪ್ಪ ಮೊದಲು ಹೇಳಿದ್ದು, ಮೆಲ್ಲಗೆ ಮಾತಾಡು, ಹೊರಗೆ ಮಂದಿ ಕೇಳುತ್ತಾರೆ ಎಂದು. ಅಕ್ಕಾರು ಅವಳ ತೋಳು ಮುಟ್ಟಿ, ಇಂಥದ್ದನ್ನು ಕೂಟದಲ್ಲಿ ಹೇಳುವುದಲ್ಲವ್ವಾ, ಅಯ್ಯನವರ ಹತ್ತಿರ ಖಾಸಗಿಯಾಗಿ ಹೇಳಬೇಕು ಎಂದರು. ಹೇಳುತ್ತಿದ್ದಂತೆ ಅವರ ಕಣ್ಣು ಗೋಡೆಯ ಬಟ್ಟೆಯ ಮೇಲೆ ಬಿತ್ತು. ಅವರು ಕೈ ಹಿಂದಕ್ಕೆ ತೆಗೆದುಕೊಂಡರು, ಮುಖ ಕೆಂಪಾಯಿತು, ಇಲ್ಲ, ಹೇಳು, ಪೂರ್ತಿ ಹೇಳು ಎಂದರು. ತಾರವ್ವನಿಗೆ ಇನ್ನೇನೂ ಉಳಿದಿರಲಿಲ್ಲ. ಕೆಮ್ಮಿನ ವಿಷಯ ಒಂದಿತ್ತು, ಅದನ್ನೂ ಹೇಳಿದಳು. ಅಯ್ಯನವರು ಪುಸ್ತಕ ಮುಚ್ಚಿಟ್ಟರು. ಹೋದ ವರ್ಷ ಇದೇ ತಾರವ್ವನನ್ನು ನಿಲ್ಲಿಸಿ ಕರ್ತನ ಕೆಲಸ ಎಂದು ತೋರಿಸಿದ್ದು ಅವರಿಗೆ ನೆನಪಾಗಿರಬೇಕು. ಎದ್ದು, ಸೋಮವಾರ ಪತ್ರ ಬರೆದುಕೊಡುತ್ತೇವೆ ಎಂದರು, ದುರಗೇಶಪ್ಪನ ಕಡೆ ನೋಡದೆ ಎಂದರು. ಪದ್ಮವ್ವ ಇವತ್ತಿನಿಂದ ಮುಂದೆ ಬಂದು ಕೂಡಬಹುದು, ಬಂದು ಈ ಸಂತೋಷದಲ್ಲಿ ಸಭೆಗೆ ಎರಡು ಮಾತು ಹೇಳಲಿ, ತನ್ನ ಸಹೋದರಿಯನ್ನು ಕ್ಷಮಿಸಿದ್ದೇನೆ ಎಂದು ಹೇಳಲಿ ಎಂದರು. ಮೈಕಿನ ತಂತಿ ಹಿಂದಿನ ಬೆಂಚಿನವರೆಗೆ ಎಟುಕಲಿಲ್ಲ. ಎಲ್ಲರೂ ತಿರುಗಿ ನೋಡಿದರು.

“ನನಗೇನೂ ಹೇಳೂದಿಲ್ರಿ,” ಎಂದಳು ಪದ್ಮವ್ವ. ಏಳಲೂ ಇಲ್ಲ.

ಧೈರ್ಯದ ಕೂಟದಲ್ಲಿ ಅದನ್ನು ಹೇಗೆ ತೆಗೆದುಕೊಳ್ಳಬೇಕೆಂದು ಅಯ್ಯನವರಿಗೆ ತಿಳಿಯಲಿಲ್ಲ. ಆಗಲಿ ಎಂದರು. ತಾರವ್ವನ ವಿಷಯ ಹಿರಿಯರು ವಿಚಾರ ಮಾಡುತ್ತಾರೆ, ಅಲ್ಲಿಯ ತನಕ ಅವಳು ಹಿಂದೆ ಕೂಡಬೇಕು ಎಂದರು. ತಾರವ್ವ ಕುರ್ಚಿಗಳ ನಡುವೆ ನಡೆದಳು. ಸೋಮವ್ವ ಕಾಲು ಒಳಗೆ ತೆಗೆದುಕೊಂಡು ದಾರಿ ಬಿಟ್ಟಳು. ಯಾರೂ ಬೆನ್ನು ಸವರಲಿಲ್ಲ. ಐದು ಸಾಲು ದಾಟಿ ಬರುವಾಗ ಇನ್ನೂ ಏನೋ ಆಗುತ್ತದೆ, ಪದ್ಮವ್ವ ಎದ್ದು ಕೈ ಹಿಡಿಯಬಹುದು, ಇಬ್ಬರೂ ಅಳಬಹುದು ಎಂದು ಅವಳ ಮನಸ್ಸು ನಾಚಿಕೆ ಇಲ್ಲದೆ ಎಣಿಸುತ್ತಿತ್ತು. ಬೆಂಚು ಚಿಕ್ಕದು, ಇಬ್ಬರಿಗೆ ಸರಿಯಾಗುವಷ್ಟು. ಪಕ್ಕದ ಜಾಗದಲ್ಲಿ ಪದ್ಮವ್ವ ತನ್ನ ಊಟದ ಡಬ್ಬಿಯ ಚೀಲ ಇಟ್ಟಿದ್ದಳು. ತಾರವ್ವ ಬಂದು ನಿಂತದ್ದು ಅವಳಿಗೆ ಗೊತ್ತಿತ್ತು. ಚೀಲ ಅಲ್ಲೇ ಇತ್ತು. ಅಷ್ಟರಲ್ಲಿ ಅಯ್ಯನವರು ಮುಕ್ತಾಯದ ಪ್ರಾರ್ಥನೆಗೆ ಕುಳಿತಲ್ಲೇ ತಲೆ ಬಾಗಿಸಿರಿ ಎಂದರು. ಇಡೀ ಸಭೆ ತಲೆ ಬಾಗಿಸಿತು. ನಿಂತವಳು ತಾರವ್ವ ಒಬ್ಬಳೇ. ಹೊರಗೆ ಹೋಗಿಬಿಡಬಹುದಿತ್ತು, ಬಾಗಿಲು ಎರಡು ಹೆಜ್ಜೆ. ಅಷ್ಟು ದೊಡ್ಡದನ್ನು ಒದರಿ ಬಂದ ಗಂಟಲಿಗೆ ಈ ಇಷ್ಟನ್ನು ಕೇಳುವುದು ಬಹಳ ಕಷ್ಟವಾಯಿತು. ತುಟಿಯಲ್ಲಿ ಕೇಳಿದರೆ ಪದ್ಮವ್ವ ನೋಡುವಂತಿರಲಿಲ್ಲ, ಅವಳ ಕಣ್ಣು ಮುಚ್ಚಿತ್ತು.

“ಪದ್ಮಾ, ಚೀಲಾ ತಗಿ,” ಎಂದಳು ತಾರವ್ವ. ಪ್ರಾರ್ಥನೆಯ ನಡುವೆ ಅದು ಎಲ್ಲರಿಗೂ ಕೇಳಿಸಿತು.

“ಪ್ರಾರ್ಥನಿ ನಡದೈತಿ, ಸುಮ್ನಿರು,” ಎಂದಳು ಪದ್ಮವ್ವ ಕಣ್ಣು ತೆರೆಯದೆ, ಚೀಲ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.